ಸೊಸೆಯ ಹುಳುಗಳ ಜೊತೆ ಸಿಡ್ನಿ, ಮೆಲ್ಬರ್ನ್

ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ ನಮ್ಮನ್ನು ಕಳಿಸಲು ಬಂದವರಲ್ಲಿ ಮುಕ್ಕಾಲು ಮಂದಿಗೆ ನಾವು ಯಾಕೆ ಹೊರಟಿದ್ದೇವೆಂದು ಅರ್ಥವಾಗಿರಲಿಲ್ಲ. ಆಸ್ಟ್ರೇಲಿಯಾ ಎಂಬುದು ಅರ್ಥವಾಗಿತ್ತು. ಮಗಳ ಬಾಣಂತನಕ್ಕೋ ಮಗನ ಮನೆ ನೋಡಲಿಕ್ಕೋ ಆ ದೇಶಕ್ಕೆ ಹೋಗಿ ಬಂದ ನನ್ನ ವಯಸ್ಸಿನ ಹೆಂಗಸರು 2007ರ ಹೊತ್ತಿಗೆ ನಮ್ಮ ಓಣಿಯಲ್ಲೇ ಇಬ್ಬರಿದ್ದರು. ಆದರೆ ನಾನು ಹೊರಟಿದ್ದು ಸೊಸೆ ಸವಿತಾಳ ಜೊತೆ. ಸವಿತಾ ಹೊರಟಿದ್ದು ಕೆರೆಯ ತಳದ ಕೆಸರಿನಲ್ಲಿರುವ ಹುಳುಗಳ ಬಗ್ಗೆ ಸಿಡ್ನಿಯ ಒಂದು ಸಮ್ಮೇಳನದಲ್ಲಿ ಮಾತಾಡಲು. ಮಗ ತನ್ನ ಔಷಧಿ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಎಂಟು ತಿಂಗಳ ಮೊಮ್ಮಗಳು ಮುಕ್ತಾ ತಾಯಿಯ ಹಾಲು ಬಿಟ್ಟಿರಲಿಲ್ಲ. ಹಾಗಾಗಿ ಸವಿತಾ ಹೋದರೆ ಮುಕ್ತಾ ಹೋಗಬೇಕು, ಮುಕ್ತಾ ಹೋದರೆ ಅವಳನ್ನು ಎತ್ತಿಕೊಳ್ಳಲು ನಾನು ಹೋಗಬೇಕು.

"ಹುಳಾ ನೋಡಾಕ ಸಮುದ್ರ ದಾಟಬೇಕೇನ ಸುಶೀಲಕ್ಕಾ? ನಮ್ಮ ಗಟಾರದಾಗ ಬೇಕಾದಷ್ಟು ಅದಾವಲ್ಲ," ಎಂದು ನನ್ನ ನೆಗೆಣ್ಣಿ ನಕ್ಕಳು.

"ಆ ಗಟಾರದ ಹುಳದ ಮ್ಯಾಲೇ ಮಾತಾಡಾಕ ಹೊಂಟಾಳ. ಅವರ ಕರದಾರ," ಎಂದೆ ನಾನು. ಅಷ್ಟರಲ್ಲಿ ರೈಲು ಬಂತು.

ಓದುವವರಿಗೆ ಸವಿತಾಳ ಕೆಲಸವನ್ನು ಇಲ್ಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನನಗೆ ಅದನ್ನು ಅವಳು ಅಡುಗೆಮನೆಯಲ್ಲಿ ಕೂತು ತಿಳಿಸಿಕೊಟ್ಟ ರೀತಿಯಲ್ಲೇ ಹೇಳುತ್ತೇನೆ. ನಮ್ಮ ಊರ ಹೊರಗೆ ಒಂದು ಕೆರೆ ಇದೆ. ಅದರ ದಂಡೆಗೆ ಲಾರಿ ರಿಪೇರಿ ಗ್ಯಾರೇಜುಗಳಿವೆ. ಮಳೆ ಬಂದಾಗಲೆಲ್ಲ ಅಲ್ಲಿ ಚೆಲ್ಲಿದ ಎಣ್ಣೆ, ಡೀಸೆಲ್ಲು ಕೆರೆಗೆ ಇಳಿಯುತ್ತವೆ. ಮರುದಿನ ನೀರು ತಂದು ಪರೀಕ್ಷಿಸಿದರೆ ಏನೂ ಸಿಗದೆ ಹೋಗಬಹುದು. ಎಣ್ಣೆ ಆಗಲೇ ಆರಿಯೋ, ಹರಿದೋ, ಕೆಸರಿಗಂಟಿ ಕೆಳಗಿಳಿದೋ ಹೋಗಿರುತ್ತದೆ. ಆದರೆ ಕೆಸರಿನಲ್ಲಿ ಮನೆ ಮಾಡಿಕೊಂಡ ಬಸವನಹುಳು, ಕೀಟಗಳ ಮರಿ, ದಾರದಂಥ ಕೆಂಪು ಹುಳು ಓಡಿಹೋಗಲಾರವು. ಬಂದದ್ದನ್ನೆಲ್ಲ ಅವು ಅನುಭವಿಸುತ್ತವೆ. ನಾಜೂಕಾದವು ಮೊದಲು ಸಾಯುತ್ತವೆ, ಗಟ್ಟಿಯಾದವು ಉಳಿಯುತ್ತವೆ. ಯಾರು ಇದ್ದಾರೆ, ಯಾರು ಇಲ್ಲ ಎಂದು ನೋಡಿದರೆ ಆ ಕೆರೆಗೆ ಏನಾಗಿದೆ ಎಂದು ಹೇಳಬಹುದು. ಉತ್ತರ ಧ್ರುವದ ಕಡೆಯ ತಣ್ಣನೆಯ ಕೆರೆಗಳಲ್ಲಿ ವಿಜ್ಞಾನಿಗಳು ಈ ರೀತಿ ಎಣ್ಣೆಯ ಮಾಲಿನ್ಯ ಅಳೆಯುತ್ತಾರೆ. ಅದೇ ದಾರಿ ನಮ್ಮ ಬಿಸಿಲ ನಾಡಿನ ಕೆರೆಗೂ ನಡೆಯುತ್ತದೆಯೇ ಎಂಬುದು ಸವಿತಾಳ ಪ್ರಶ್ನೆ. ಅದಕ್ಕಾಗಿ ಅವಳು ಮದುವೆಗೆ ಮುಂಚೆಯೂ ಆಮೇಲೂ, ಹೊಟ್ಟೆಯಲ್ಲಿ ಮುಕ್ತಾ ಇದ್ದಾಗಲೂ ಸೊಂಟದವರೆಗೆ ಕೆರೆಗಿಳಿದವಳು.

ಬೆಂಗಳೂರಿನಿಂದ ವಿಮಾನ ಹತ್ತಿ ಸಿಂಗಪುರದಲ್ಲಿ ಬದಲಿಸಿ ಬೆಳಿಗ್ಗೆ ಸಿಡ್ನಿಯಲ್ಲಿ ಇಳಿದೆವು. ಮುಕ್ತಾ ದಾರಿಯುದ್ದಕ್ಕೂ ಯಾರ್ಯಾರದೋ ತೋಳಿನಲ್ಲಿ ಓಡಾಡಿ, ಇಳಿಯುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗಿದ್ದಳು. ಆ ದೇಶದಲ್ಲಿ ಸಾಮಾನು ತೆಗೆದುಕೊಂಡ ಮೇಲೆ ಇನ್ನೊಂದು ತಪಾಸಣೆ ಇದೆ. ಹೊರಗಿನಿಂದ ಬರುವ ತಿಂಡಿ, ಬೀಜ, ಪ್ರಾಣಿಗಳಿಂದ ರೋಗ ಹರಡದಿರಲಿ ಎಂದು ಪ್ರತಿಯೊಂದು ಡಬ್ಬಿಯನ್ನೂ ತೆರೆಸಿ ನೋಡುತ್ತಾರೆ. ಸವಿತಾಳ ಚೀಲದಲ್ಲಿ ಸ್ಪಿರಿಟ್ಟಿನಲ್ಲಿಟ್ಟ ಹುಳುಗಳ ಸಣ್ಣ ಸೀಸೆಗಳಿದ್ದವು. ನನ್ನ ಚೀಲದಲ್ಲಿ ಧಾರವಾಡ ಪೇಡೆ, ಶೇಂಗಾ ಚಟ್ನಿ ಪುಡಿ, ರೊಟ್ಟಿ. ಅಧಿಕಾರಿ ಹೆಂಗಸು ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿದಳು, ಸವಿತಾಳ ಅನುಮತಿ ಪತ್ರ ಓದಿದಳು, ತಲೆಯಾಡಿಸಿ ಹಿಂದಿರುಗಿಸಿದಳು. ಆಮೇಲೆ ಪೇಡೆಯ ಡಬ್ಬಿ ತೆಗೆದು, "ಇದು ಹಾಲಿನದೇ?" ಎಂದು ಕೇಳಿದಳು. ಹೌದೆಂದೆ. ಡಬ್ಬಿ ಸಮೇತ ಕಸದ ತೊಟ್ಟಿಗೆ ಹೋಯಿತು; ರೊಟ್ಟಿ, ಚಟ್ನಿ ಪುಡಿ ಚೀಲಕ್ಕೆ ಮರಳಿದವು.

"ನಿನ್ನ ಹುಳಾ ಒಳಗ ಬಂದವು, ನನ್ನ ಪೇಡೆ ಹೊರಗ ಉಳದವು," ಎಂದೆ. ಬೆಂಗಳೂರು ಬಿಟ್ಟಾಗಿನಿಂದ ಬಿಗಿದುಕೊಂಡಿದ್ದ ಸವಿತಾ ಅಲ್ಲಿ ಮೊದಲ ಸಲ ನಕ್ಕಳು.

ಹೊರಗೆ ನಂದಿನಿ ಕಾಯುತ್ತಿದ್ದಳು. ಮೈಸೂರಿನವಳು, ಸವಿತಾಳ ಜೊತೆ ಎಂ.ಎಸ್ಸಿ. ಓದಿದವಳು. ಓದಲೆಂದು ಸಿಡ್ನಿಗೆ ಬಂದು, ಅಲ್ಲೇ ಕಾಯಂ ಇರಲು ಪರವಾನಗಿಯಾದ ಪಿಆರ್ ಪಡೆದು, ಒಂದು ಬ್ಯಾಂಕಿನಲ್ಲಿ ಫೋನಿನಲ್ಲಿ ಗ್ರಾಹಕರಿಗೆ ಉತ್ತರ ಹೇಳುವ ಕೆಲಸದಲ್ಲಿದ್ದಳು. "ಆಂಟಿ, ಟ್ಯಾಕ್ಸಿ ಬೇಡ, ಟ್ರೇನಲ್ಲೇ ಹೋಗೋಣ. ಸೆಂಟ್ರಲ್‌ನಲ್ಲಿ ಚೇಂಜ್ ಮಾಡಿದ್ರೆ ಸೀದಾ ಪ್ಯಾರಮಟ್ಟಾ. ನನ್ನ ಫ್ಲ್ಯಾಟ್ ಸ್ಟೇಷನ್‌ಗೆ ಹತ್ತಿರಾನೇ," ಎಂದು ಮುಕ್ತಾಳನ್ನು ಎತ್ತಿಕೊಂಡು ಮುಂದೆ ನಡೆದಳು. ಎರಡು ಅಂತಸ್ತಿನ ರೈಲು ನಾನು ನೋಡಿದ್ದು ಅದೇ ಮೊದಲು. ಕೆಳಗಿನ ಅಂತಸ್ತಿನಲ್ಲಿ ಕೂತರೆ ಪ್ಲಾಟ್‌ಫಾರಮ್ಮಿನ ಮೇಲೆ ನಿಂತವರ ಬೂಟುಗಳು ಮಾತ್ರ ಕಾಣುತ್ತಿದ್ದವು.

ಮರುದಿನ ಭಾನುವಾರ. ಸಮ್ಮೇಳನ ಶುರುವಾಗುವ ಮುಂಚೆ ಊರು ತೋರಿಸುತ್ತೇನೆಂದು ನಂದಿನಿ ಪ್ಯಾರಮಟ್ಟಾ ನದಿಯಿಂದ ದೋಣಿ ಹತ್ತಿಸಿದಳು. ಮೊದಲು ಕಿರಿದಾದ ನದಿ, ಎರಡೂ ಕಡೆ ಮ್ಯಾಂಗ್ರೋವ್ ಗಿಡಗಳು. ಆಮೇಲೆ ನದಿ ಅಗಲವಾಗುತ್ತ ಹೋಗಿ, ತಿರುವಿನಲ್ಲಿ ಒಮ್ಮೆಲೇ ದೊಡ್ಡ ಉಕ್ಕಿನ ಸೇತುವೆ, ಅದರ ಆಚೆ ಓಪೆರಾ ಹೌಸಿನ ಬಿಳಿ ಚಾವಣಿ. ಬಿಸಿಲು ಚುರುಕಾಗಿತ್ತು, ಗಾಳಿ ಮಾತ್ರ ತಣ್ಣಗಿತ್ತು. ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ನನ್ನ ಸೊಸೆ ದೋಣಿಕಟ್ಟೆಯಲ್ಲಿ ನೋಡಿದ್ದ ಒಂದು ಫಲಕದ ಬಗ್ಗೆ ಮಾತಾಡುತ್ತಿದ್ದಳು. ಸೇತುವೆಯ ಪಶ್ಚಿಮಕ್ಕೆ ಹಿಡಿದ ಮೀನು ತಿನ್ನಬೇಡಿ ಎಂದು ಅದರಲ್ಲಿತ್ತು.

"ಈ ನೀರಿಗೆ ವಿಷಾ ಬಿಟ್ಟ ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷ ಆಗೈತಿ ಅತ್ತೀ. ನೀರ ನೋಡ್ರಿ, ಎಷ್ಟ ಚಂದ ಐತಿ. ಆದ್ರ ತಳದ ಕೆಸರು ಮರ್ತಿಲ್ಲ," ಎಂದಳು.

"ಸವಿ, ಇವತ್ತೊಂದಿನ ಆದ್ರೂ ರಜಾ ತಗೊಳ್ಳೇ," ಎಂದಳು ನಂದಿನಿ.

ಸೊಸೆಗೆ ರಜ ತೆಗೆದುಕೊಳ್ಳಲು ಆಗದ ಕಾರಣ ನನಗೆ ಗೊತ್ತಿತ್ತು. ಸವಿತಾಳ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕರು ಕೆಟ್ಟವರಲ್ಲ, ಎಚ್ಚರಿಕೆಯವರು. ಈ ಪದ್ಧತಿ ತಣ್ಣನೆಯ ಕೆರೆಗಳದು, ನಮ್ಮ ಕೆರೆಗೆ ಅನ್ವಯಿಸಿದ್ದನ್ನು ಹೊರಗಿನ ಬಲ್ಲವರು ಒಪ್ಪಿದರೆ ಪ್ರಬಂಧ ಇದೇ ರೂಪದಲ್ಲಿ ಸಲ್ಲಿಸೋಣ, ಇಲ್ಲವಾದರೆ ವಿಷಯ ಬದಲಿಸಿ ಮತ್ತೆ ಶುರುಮಾಡಬೇಕಾಗುತ್ತದೆ ಎಂದು ಅವರು ಹೇಳಿ ಕಳಿಸಿದ್ದರು. ಮತ್ತೆ ಶುರುಮಾಡುವುದು ಎಂದರೆ ಕೂಸನ್ನು ಇಟ್ಟುಕೊಂಡು ಇನ್ನಷ್ಟು ವರ್ಷ ಕೆರೆ, ಜರಡಿ, ಸೂಕ್ಷ್ಮದರ್ಶಕ. ಅದು ತನ್ನಿಂದ ಆಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದು ಸವಿತಾ ಗಂಡನ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಸಮ್ಮೇಳನ ನಡೆದದ್ದು ಒಂದು ವಿಶ್ವವಿದ್ಯಾಲಯದ ಕಟ್ಟಡದಲ್ಲಿ. ಸವಿತಾಳ ಸರದಿ ಎರಡನೆಯ ದಿನ ಊಟಕ್ಕೆ ಮುಂಚೆ. ಅವಳು ಇಳಕಲ್ ಸೀರೆ ಉಟ್ಟಿದ್ದಳು. ನಾನು ಮುಕ್ತಾಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತೆ, ಅತ್ತರೆ ಎದ್ದು ಹೋಗಲು ಅನುಕೂಲವಾಗಲೆಂದು. ಪರದೆಯ ಮೇಲೆ ನಮ್ಮ ಕೆರೆ ಮೂಡಿತು. ಎಮ್ಮೆಗಳು, ದಂಡೆಯ ಜಾಲಿ ಗಿಡ, ಗ್ಯಾರೇಜಿನ ತಗಡಿನ ಗೋಡೆ. ಅಷ್ಟು ದೂರದ ಊರಿನ ಕತ್ತಲ ಕೋಣೆಯಲ್ಲಿ ಅದನ್ನು ಕಂಡು ಮುಕ್ತಾಳಿಗೂ ಬೆರಳು ಮಾಡಿ ತೋರಿಸಿದೆ. ಸವಿತಾಳ ಇಂಗ್ಲಿಷು ನಿಧಾನ, ಆದರೆ ತಪ್ಪಿಲ್ಲ. ಒಂದೊಂದೇ ಚಿತ್ರ ತೋರಿಸುತ್ತ, ಗ್ಯಾರೇಜಿನ ದಂಡೆಯ ಹತ್ತಿರ ಯಾವ ಜೀವಿಗಳಿಲ್ಲ, ಆಚೆ ದಂಡೆಯಲ್ಲಿ ಯಾವುವು ಇವೆ ಎಂದು ಹೇಳಿ ಮುಗಿಸಿದಳು.

ಮೊದಲ ಸಾಲಿನಲ್ಲಿ ಕೂತಿದ್ದ ಬಿಳಿ ಕೂದಲಿನ, ಎತ್ತರದ ಹೆಂಗಸು ಎದ್ದು ನಿಂತರು. ಅವರ ಹೆಸರು ಹೆಲೆನ್. ಕೆನಡಾದ ಉತ್ತರದ ತುದಿಯಲ್ಲಿ, ಹಿಮಗಟ್ಟಿದ ಕೆರೆಗಳಿಗೆ ತೂತು ಕೊರೆದು ಕೆಸರು ತೆಗೆಯುತ್ತ ಆಯುಷ್ಯ ಕಳೆದವರು. ಸವಿತಾ ಓದಿದ ಎಷ್ಟೋ ಲೇಖನ ಅವರವೇ. "ನಿಮ್ಮ ಕೆರೆಗೆ ಎಣ್ಣೆಯ ಜೊತೆ ಊರಿನ ಕೊಳಚೆಯೂ ಬರುತ್ತದಲ್ಲವೇ? ಕೊಳಚೆಯಿಂದಲೂ ನಾಜೂಕಾದ ಜೀವಿಗಳು ಸಾಯುತ್ತವೆ. ಹಾಗಿದ್ದರೆ ಇದು ಎಣ್ಣೆಯದೇ ಗುರುತು ಎಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದರು.

ಸವಿತಾ ಪರದೆಯ ಮೇಲಿನ ಚಿತ್ರವನ್ನು ಹಿಂದಕ್ಕೆ ಸರಿಸಿದಳು. ಆಮೇಲೆ, ಒಳ್ಳೆಯ ಕೆಸರನ್ನು ತಟ್ಟೆಗಳಲ್ಲಿ ತುಂಬಿ, ಕೆಲವಕ್ಕೆ ಎಣ್ಣೆ ಬೆರೆಸಿ, ಕೆಲವನ್ನು ಹಾಗೇ ಬಿಟ್ಟು, ಎಲ್ಲವನ್ನೂ ಒಂದೇ ಜಾಗದಲ್ಲಿ ಮುಳುಗಿಸಿಟ್ಟ ಪ್ರಯೋಗ ವಿವರಿಸಿದಳು. ಕೊಳಚೆ ಎಲ್ಲ ತಟ್ಟೆಗೂ ಒಂದೇ. ಆದರೂ ಬಸವನಹುಳು ಮತ್ತು ಕೀಟಗಳ ಮರಿಗಳು ಎಣ್ಣೆ ಇಲ್ಲದ ತಟ್ಟೆಯಲ್ಲಿ ಮಾತ್ರ ಮನೆ ಮಾಡಿದವು.

"ಚೆನ್ನಾಗಿದೆ. ಆದರೆ ಅದು ಒಂದೇ ಕೆರೆ," ಎಂದರು ಹೆಲೆನ್.

"ಹೌದು. ಒಂದೇ ಕೆರೆ," ಎಂದಳು ಸವಿತಾ. ಚಪ್ಪಾಳೆ ಬಿತ್ತು, ಮುಂದಿನವರ ಹೆಸರು ಕರೆದರು.

ಹೊರಗಿನ ಪಡಸಾಲೆಯಲ್ಲಿ ಅವಳು ಮುಕ್ತಾಳನ್ನು ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಹಾಲು ಕುಡಿಸಲು ಕೂತಳು. "ಮುಗೀತ್ರಿ ಅತ್ತೀ," ಎಂದಳು. ನಾನು ಅವಳ ಸೆರಗು ಸರಿಮಾಡುತ್ತಿರುವಾಗಲೇ ಹೆಲೆನ್ ಬಂದು ನಮ್ಮ ಪಕ್ಕದ ಬೆಂಚಿನಲ್ಲಿ ಕೂತರು. ಮುಂದಿನ ವಾರ ಮೆಲ್ಬರ್ನಿನ ಹೊರಗೆ ಒಂದು ಕೆರೆಯ ಹತ್ತಿರ ತಾವು ಒಂದು ದಿನದ ಶಿಬಿರ ನಡೆಸುತ್ತಿರುವುದಾಗಿ, ಒಂದು ಜಾಗ ಖಾಲಿಯಾಗಿರುವುದಾಗಿ ಹೇಳಿದರು. "ಎರಡನೇ ಕೆರೆ ಬೇಕಲ್ಲ ನಿಮಗೆ? ಬನ್ನಿ."

ಸವಿತಾ ಶಿಬಿರದ ವಿಷಯ ಮೊದಲೇ ಓದಿದ್ದಳು, ಕೂಸನ್ನು ಕಟ್ಟಿಕೊಂಡು ಕೆರೆಯ ದಂಡೆಗೆ ಹೋಗುವುದು ಹೇಗೆ ಎಂದು ಹೆಸರು ಕೊಟ್ಟಿರಲಿಲ್ಲ. ಈಗಲೂ ಕೂಸಿನ ಕಡೆ ನೋಡಿದಳು. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ನಾನೇ ಉತ್ತರ ಕೊಟ್ಟೆ: "ಬರುತ್ತಾಳೆ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ." ಹೆಲೆನ್ ನನ್ನ ಕೈ ಕುಲುಕಿದರು. ಹೇಗಿದ್ದರೂ ಮೆಲ್ಬರ್ನಿಗೆ ಹೋಗಿ ನನ್ನ ತಂಗಿಯ ಮಗಳು ಗೀತಾಳ ಮನೆಯಲ್ಲಿ ಕೆಲವು ದಿನ ಇದ್ದು, ಅಲ್ಲಿಂದಲೇ ಊರಿಗೆ ಮರಳುವುದೆಂದು ಮೊದಲೇ ಗೊತ್ತುಮಾಡಿದ್ದೆವು.

ಸಿಡ್ನಿಯಿಂದ ಮೆಲ್ಬರ್ನಿಗೆ ಹಗಲು ರೈಲಿನಲ್ಲಿ ಹೋದೆವು. ಬೆಳಿಗ್ಗೆ ಹತ್ತಿದರೆ ಸಂಜೆಗೆ ತಲುಪುತ್ತದೆ. ವಿಮಾನದಲ್ಲಿ ಬೇಗ ಹೋಗಬಹುದೆಂದು ನಂದಿನಿ ಹೇಳಿದರೂ ನೆಲ ನೋಡುತ್ತ ಹೋಗುವ ಆಸೆ ನನಗೆ. ಆ ವರ್ಷ ಅಲ್ಲಿ ಮಳೆ ಕೈಕೊಟ್ಟು ಬಹಳ ಕಾಲವಾಗಿತ್ತು. ಗೌಲ್ಬರ್ನ್ ದಾಟಿದ ಮೇಲೆ ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣ. ಕುರಿಗಳು ಮರದ ಬುಡದ ನೆರಳಿನಲ್ಲಿ ಒತ್ತಾಗಿ ನಿಂತಿದ್ದವು. ಹೊಲದ ಹೊಂಡಗಳಲ್ಲಿ ನೀರು ಇಳಿದು ನಡುವೆ ಒಂದು ಬಟ್ಟಲಿನಷ್ಟು ಉಳಿದಿತ್ತು. ಆಲ್ಬರಿಯಲ್ಲಿ ಮರ್ರೀ ನದಿ ದಾಟಿದೆವು, ದೊಡ್ಡ ಹೆಸರಿನ ಆ ನದಿಯೂ ತೆಳ್ಳಗಾಗಿತ್ತು. ಮಧ್ಯಾಹ್ನ ರೊಟ್ಟಿ, ಚಟ್ನಿ ಪುಡಿ ತಿಂದೆವು. ಎದುರಿಗೆ ಕೂತ ಮುದುಕನೊಬ್ಬ ಕೇಳಿ ಒಂದು ತುಂಡು ಇಸಿದುಕೊಂಡು, ಕಣ್ಣೀರು ಒರೆಸಿಕೊಳ್ಳುತ್ತಲೇ ಇನ್ನೊಂದು ಕೇಳಿದ. ಸವಿತಾ ಮಾತ್ರ ಆ ದೇಶದ ಕೆರೆಜೀವಿಗಳ ಪುಸ್ತಕ ಬಿಡಿಸಿಕೊಂಡು, ಅದರ ಚಿತ್ರಗಳನ್ನು ಬಾಯಿಪಾಠ ಮಾಡುತ್ತಿದ್ದಳು.

ಮೆಲ್ಬರ್ನಿನ ಸದರ್ನ್ ಕ್ರಾಸ್ ನಿಲ್ದಾಣದಲ್ಲಿ ಗೀತಾಳ ಗಂಡ ವಿನಯ ಕಾಯುತ್ತಿದ್ದ. ಬೆಳಗಾವಿಯವನು, ಅಲ್ಲೇ ಹತ್ತಿರದ ಡಾಕ್‌ಲ್ಯಾಂಡ್ಸಿನಲ್ಲಿ ಕೆಲಸ. ಅವರ ಮನೆ ಊರ ಪಶ್ಚಿಮದ ಅಂಚಿನ ವಿಂಡಮ್ ವೇಲ್‌ನಲ್ಲಿ. ವೆರಿಬಿಯವರೆಗೆ ರೈಲು, ಅಲ್ಲಿಂದ ಕಾರು. ಹೊಸ ಬಡಾವಣೆ, ಎಲ್ಲ ಮನೆಗಳೂ ಒಂದೇ ಥರ, ಗಿಡಗಳು ಇನ್ನೂ ಕೋಲಿಗೆ ಕಟ್ಟಿದ ಸಸಿಗಳು. ಗೀತಾ ಬಾಗಿಲಲ್ಲೇ ತಬ್ಬಿಕೊಂಡು, "ದೊಡ್ಡವ್ವಾ, ಸ್ನಾನದ್ದ ಒಂದ ಮಾತು. ಶವರ್ ಕೆಳಗ ಬಕೆಟ್ ಇಡ್ರಿ. ಆ ನೀರ ಗಿಡಕ್ಕ ಹಾಕ್ತೀವಿ. ಪೈಪ್ ಹಿಡದು ನೀರ ಬಿಟ್ರ ಫೈನ್ ಹಾಕ್ತಾರ," ಎಂದಳು.

"ಬಕೆಟ್ಟಿನ ಸ್ನಾನ ನನಗ ಕಲಸ್ತೀಯೇನ," ಎಂದೆ. ಅವಳ ಏಳು ವರ್ಷದ ಮಗಳು ನೇಹಾ ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿ ಓಡಿಹೋದಳು. ನನ್ನ ಮಾತು ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಕನ್ನಡದಲ್ಲಿ ಬರುತ್ತಿರಲಿಲ್ಲ.

ನಡುವಿನ ದಿನಗಳಲ್ಲಿ ಗೀತಾ ನಮ್ಮನ್ನು ಊರು ಸುತ್ತಿಸಿದಳು. ಟ್ರ್ಯಾಮಿನಲ್ಲಿ ಕೂತು ಪೇಟೆ ನೋಡಿದೆವು, ಮಾರುಕಟ್ಟೆಯಲ್ಲಿ ಬದನೆಕಾಯಿ ಕೊಂಡು ಬಂದು ನಾನು ಎಣ್ಣೆಗಾಯಿ ಮಾಡಿದೆ. ಒಂದೇ ದಿನದಲ್ಲಿ ಬಿಸಿಲು, ಮೋಡ, ಚಳಿ ಮೂರೂ ಬಂದು ಹೋಗುತ್ತಿದ್ದವು. ಗೀತಾಳಿಗೂ ಸವಿತಾಳ ಕೆಲಸ ತಮಾಷೆಯಾಗಿಯೇ ಕಾಣುತ್ತಿತ್ತು. "ಎಲ್ಲಾರೂ ಪೆಂಗ್ವಿನ್ ನೋಡಾಕ ಬರ್ತಾರ. ನೀವು ಕೆಸರ ನೋಡಾಕ ಬಂದೀರಿ," ಎನ್ನುತ್ತಿದ್ದಳು. ಆದರೂ ಶಿಬಿರದ ದಿನ ತನ್ನ ಕೆಲಸಕ್ಕೆ ರಜ ಹಾಕಿ ತಾನೇ ಕಾರು ತೆಗೆದಳು.

ಕೆರೆ ಅವರ ಮನೆಯಿಂದ ಅರ್ಧ ಗಂಟೆಯ ಹಾದಿ. ಬಯಲು ನೆಲ, ಕಪ್ಪು ಕಲ್ಲಿನ ಮೋಟು ಗೋಡೆಗಳು, ಎತ್ತ ನೋಡಿದರೂ ಗಾಳಿ. ನೀರು ಹಿಂದೆ ಸರಿದು ದಂಡೆಯ ಮಣ್ಣು ಬಿರುಕು ಬಿಟ್ಟಿತ್ತು. ಎಷ್ಟೋ ವರ್ಷದ ಹಿಂದೆ ರಸ್ತೆಯಲ್ಲಿ ಡೀಸೆಲ್ ತುಂಬಿದ ಟ್ಯಾಂಕರೊಂದು ಮಗುಚಿ ಕೆರೆಯ ಒಂದು ಮೂಲೆಗೆ ಎಣ್ಣೆ ಇಳಿದಿತ್ತಂತೆ. ಬೇರೆ ಬೇರೆ ದೇಶದ ಹತ್ತು ಹನ್ನೆರಡು ಜನ ಸೇರಿದ್ದರು. ನೊಣಗಳು ಕಣ್ಣು, ಮೂಗು ಬಿಡುತ್ತಿರಲಿಲ್ಲ. ನಾನು ಮುಕ್ತಾಳ ತಳ್ಳುಗಾಡಿಗೆ ಸೆರಗಿನಷ್ಟು ತೆಳ್ಳಗಿನ ಬಟ್ಟೆ ಹೊದಿಸಿ ಒಂದು ನೀಲಗಿರಿ ಮರದ ಕೆಳಗೆ ಕೂತೆ.

ಹೆಲೆನ್ ಕೆರೆಯ ಐದು ಜಾಗದಿಂದ ಕೆಸರು ತೆಗೆಸಿ ಐದು ತೊಟ್ಟಿಗಳಲ್ಲಿ ಇಡಿಸಿದ್ದರು. ಯಾವುದು ಎಲ್ಲಿಯದೆಂದು ಅವರಿಗೆ ಮಾತ್ರ ಗೊತ್ತು. ಜರಡಿ ಹಿಡಿದು ತೊಳೆದು, ಬಿಳಿ ತಟ್ಟೆಗೆ ಹಾಕಿ, ಒಳಗಿನ ಜೀವಿಗಳನ್ನು ಚಿಮಟಿಯಿಂದ ಆರಿಸಿ, ಎಣ್ಣೆ ಇಳಿದ ಮೂಲೆಯ ಕೆಸರು ಯಾವುದೆಂದು ಹೇಳಬೇಕು. ಮೂರನೆಯ ತೊಟ್ಟಿ ಎಲ್ಲರ ಕಣ್ಣಿಗೂ ಬಿತ್ತು. ಕೆಸರು ಕಪ್ಪಗೆ, ನಾರುತ್ತಿತ್ತು, ಮೇಲಿನ ನೀರಿನಲ್ಲಿ ಕಾಮನಬಿಲ್ಲಿನ ಬಣ್ಣದ ಪದರ ತೇಲುತ್ತಿತ್ತು. ನನ್ನಂಥವಳಿಗೂ ಅದು ಎಣ್ಣೆಯೇ. ಎರಡನೆಯ ತೊಟ್ಟಿಯ ಕೆಸರು ಮರಳು ಮರಳಾಗಿ, ಸ್ವಚ್ಛವಾಗಿ ಕಾಣುತ್ತಿತ್ತು.

ಕೆಲಸ ಅರ್ಧಕ್ಕೆ ಬಂದಾಗ ಮುಕ್ತಾ ಎದ್ದಳು. ಆಡಿಸಿದೆ, ನೀರು ತೋರಿಸಿದೆ, ಕೇಳಲಿಲ್ಲ. ಕೊನೆಗೆ ಎತ್ತಿಕೊಂಡು ಹೋಗಿ ಸವಿತಾಳಿಗೆ ಕೊಟ್ಟೆ. ಅವಳು ಕೈ ತೊಳೆದು, ಶಾಲು ಹೊದ್ದು, ತಟ್ಟೆಯ ಎದುರಿನ ಸ್ಟೂಲಿನ ಮೇಲೇ ಕೂತು ಹಾಲು ಕುಡಿಸುತ್ತ, ಕಣ್ಣು ತಟ್ಟೆಯಿಂದ ತೆಗೆಯದೆ, ಪಕ್ಕದ ಥಾಯ್ಲೆಂಡಿನ ಹುಡುಗಿಗೆ ಒಂದೊಂದೇ ಹೆಸರು ಹೇಳಿ ಬರೆಸಿದಳು. ಯಾರೂ ತಿರುಗಿ ನೋಡಲಿಲ್ಲ. ನಾನು ಮಾತ್ರ ನೋಡುತ್ತ ನಿಂತೆ. ನನ್ನ ಕಾಲದಲ್ಲಿ ನಾವು ಶಾಲೆಯಲ್ಲಿ ಕೂಸು ಅತ್ತರೆ ಪಾಠ ನಿಲ್ಲಿಸಿ ಮನೆಗೆ ಹೋಗುತ್ತಿದ್ದೆವು. ಎರಡೂ ಕೆಲಸ ಒಟ್ಟಿಗೆ ನಡೆಯಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ.

ಉತ್ತರ ಹೇಳುವ ಹೊತ್ತು ಬಂತು. ಹೆಚ್ಚಿನವರು ಮೂರನೆಯ ತೊಟ್ಟಿ ಎಂದರು. ಸವಿತಾ, "ಎರಡನೆಯದು," ಎಂದಳು.

"ಯಾಕೆ?" ಎಂದು ಕೇಳಿದರು ಹೆಲೆನ್.

ಸವಿತಾ ಒಂದು ಕಡ್ಡಿ ತೆಗೆದು ಮೂರನೆಯ ತೊಟ್ಟಿಯ ಬಣ್ಣದ ಪದರವನ್ನು ಚುಚ್ಚಿದಳು. ಪದರ ಗಾಜಿನಂತೆ ಒಡೆದು ಚೂರು ಚೂರಾಗಿ ಹಾಗೇ ನಿಂತಿತು. ಎಣ್ಣೆಯಾಗಿದ್ದರೆ ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತಿತ್ತು, ಇದು ಕಬ್ಬಿಣದ ಅಂಶದಿಂದ ಬದುಕುವ ಸೂಕ್ಷ್ಮಜೀವಿಗಳ ಪದರ ಎಂದಳು. ವಾಸನೆ ಕೊಳೆತ ಎಲೆಯದು. ಆಮೇಲೆ ಅದೇ ಕೆಸರಿನಿಂದ ಆರಿಸಿದ ತಟ್ಟೆ ತೋರಿಸಿದಳು. ಬಸವನಹುಳುಗಳು ತೆವಳುತ್ತಿದ್ದವು. ಅಕ್ಕಿಕಾಳಿನಷ್ಟು ಚಿಕ್ಕ ಸಿಗಡಿಯಂಥ ಜೀವಿಗಳು ಮಗ್ಗುಲಾಗಿ ಸರ್ರನೆ ಓಡಾಡುತ್ತಿದ್ದವು. ಎಣ್ಣೆಯನ್ನು ಸ್ವಲ್ಪವೂ ತಾಳದ ಜೀವಿಗಳವು. ಎರಡನೆಯ ತೊಟ್ಟಿಯ ತಟ್ಟೆಯಲ್ಲಿ ದಾರದಂಥ ಕೆಂಪು ಹುಳುಗಳ ಗೊಂಚಲು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. "ನೀರು ಚೆನ್ನಾಗಿದೆ, ಮಣ್ಣು ಚೆನ್ನಾಗಿದೆ, ಆದರೂ ಬಸವನಹುಳು ಯಾಕೆ ಬಂದಿಲ್ಲ?" ಎಂದು ಕೇಳಿ, ತೊಟ್ಟಿಯ ತಳದಿಂದ ಒಂದು ಹಿಡಿ ಕೆಸರು ತೆಗೆದು ಹೆಲೆನ್ ಮುಂದೆ ಹಿಡಿದಳು. ಅವರು ಮೂಸಿ ನೋಡಿ, ಪಕ್ಕದವರಿಗೆ ಕೊಟ್ಟರು. ಕೈಯಿಂದ ಕೈಗೆ ಹೋಗಿ ನನ್ನವರೆಗೂ ಬಂತು. ಲಾರಿ ಗ್ಯಾರೇಜಿನ ಹಳೆಯ ವಾಸನೆ, ತೆಳ್ಳಗೆ.

"ಸರಿ," ಎಂದರು ಹೆಲೆನ್. ಒಂದೇ ಮಾತು. ನನ್ನ ಪಕ್ಕ ನಿಂತಿದ್ದ ಗೀತಾ ನನ್ನ ಮೊಳಕೈ ಹಿಡಿದುಕೊಂಡಳು.

ಸವಿತಾ ಅಲ್ಲಿಗೇ ನಿಲ್ಲಿಸಲಿಲ್ಲ. ಐದನೆಯ ತೊಟ್ಟಿಯಲ್ಲೂ ಜೀವಿಗಳು ಕಡಿಮೆ, ಅಲ್ಲಿಗೂ ಸ್ವಲ್ಪ ಎಣ್ಣೆ ತಲುಪಿರಬೇಕು ಎಂದಳು. ಹೆಲೆನ್ ತಲೆಯಲ್ಲಾಡಿಸಿದರು. ಆ ಜಾಗ ಹೋದ ಬೇಸಿಗೆಯಲ್ಲಿ ಪೂರ್ತಿ ಒಣಗಿತ್ತು, ನೀರು ಬಂದು ಬಹಳ ದಿನವಾಗಿಲ್ಲ, ಅಷ್ಟೇ ಕಾರಣ.

ಸವಿತಾ ಹಣೆ ಬಡಿದುಕೊಂಡಳು. "ನನಗೆ ಹೊಳೆಯಬೇಕಾಗಿತ್ತು. ನಮ್ಮ ಕಡೆ ಎಷ್ಟೋ ಕೆರೆಗಳು ಬೇಸಿಗೆಯಲ್ಲಿ ಒಣಗುತ್ತವೆ. ಒಣಗಿದ ಕೆರೆಗೆ ಯಾರು ಮೊದಲು ಮರಳಿ ಬರುತ್ತಾರೆ, ಯಾರು ಆಮೇಲೆ ಎಂದು ನನಗೆ ಗೊತ್ತು. ಅದನ್ನು ಕಳೆದು ನೋಡಿದ ಮೇಲೆ ಎಣ್ಣೆಯ ಮಾತು ಎತ್ತಬೇಕು."

ಹೆಲೆನ್ ಅವಳನ್ನೇ ನೋಡಿದರು. "ನಮ್ಮ ಕೆರೆಗಳು ಹೆಪ್ಪುಗಟ್ಟುತ್ತವೆ, ಒಣಗುವುದಿಲ್ಲ. ಈ ಮಾತು ನನಗೆ ಯಾವತ್ತೂ ಬೇಕಾಗಿರಲಿಲ್ಲ. ನಿಮಗದು ಗೊತ್ತಿದ್ದರೆ ಎಲ್ಲಾದರೂ ಬರೆದಿದ್ದೀರಾ?"

"ಇಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ ಅಂದುಕೊಂಡಿದ್ದೆ."

"ಯಾರಿಗೂ ಗೊತ್ತಿಲ್ಲ," ಎಂದರು ಹೆಲೆನ್.

ಊಟಕ್ಕೆ ಕೂತಾಗ ಅವರಿಬ್ಬರೂ ಒಂದೇ ಕಲ್ಲಿನ ಮೇಲೆ ಕೂತಿದ್ದರು. ನಾನು ಕೊಟ್ಟ ರೊಟ್ಟಿಯನ್ನು ಹೆಲೆನ್ ಮುರಿದು ತಿನ್ನುತ್ತ, ಈ ಪದ್ಧತಿಯ ಬಗ್ಗೆ ತಾವು ಸಿದ್ಧಪಡಿಸುತ್ತಿದ್ದ ಕೈಪಿಡಿಯಲ್ಲಿ ಒಣಗುವ ಕೆರೆಗಳ ಅಧ್ಯಾಯವನ್ನು ಬರೆದುಕೊಡುವಂತೆ ಸವಿತಾಳನ್ನು ಕೇಳಿದರು. ಅವಳ ಮಾರ್ಗದರ್ಶಕರಿಗೆ ತಾವೇ ಬರೆಯುವುದಾಗಿಯೂ ಹೇಳಿದರು. ಮುಕ್ತಾ ಅವರ ಬಿಳಿ ಕೂದಲು ಹಿಡಿದು ಜಗ್ಗುತ್ತಿದ್ದಳು, ಅವರು ಬಿಡಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಮರಳುವಾಗ ಗೀತಾ ಕಾರು ಓಡಿಸುತ್ತಲೇ ಸವಿತಾಳನ್ನು ಕನ್ನಡಿಯಲ್ಲಿ ಎರಡು ಸಲ ನೋಡಿದಳು. ಆಮೇಲೆ, "ವೈನೀ, ನಮ್ಮ ಮನೀ ಹಿಂದ ಒಂದು ಸಣ್ಣ ಕೆರಿ ಐತಿ. ಬಡಾವಣಿ ಮಾಡೂ ಮುಂದ ತೋಡ್ಯಾರ. ಅದರಾಗ ಏನರ ಅದಾವೇನು?" ಎಂದು ಕೇಳಿದಳು.

"ನಾಳೆ ಮುಂಜಾನೆ ನೋಡೂಣು," ಎಂದಳು ಸವಿತಾ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಜರಡಿ ಹಿಡಿದು ಎಲ್ಲರೂ ಹೋದೆವು. ನೇಹಾ ಮೊಣಕಾಲವರೆಗೆ ಕೆಸರು ಮಾಡಿಕೊಂಡು, ತಟ್ಟೆಯಲ್ಲಿ ಓಡಾಡುವ ಸಿಗಡಿಯಂಥ ಜೀವಿಯನ್ನು ಕಂಡು ಚೀರಿದಳು. ಸವಿತಾ ಅದನ್ನು ಅವಳ ಅಂಗೈಯಲ್ಲಿ ಬಿಟ್ಟು, "ಇದು ಇದ್ರ ನಿಮ್ಮ ಕೆರಿ ಆರೋಗ್ಯ ಚಲೋ ಐತಿ ಅಂತ ತಿಳ್ಕೋ," ಎಂದಳು. ನೇಹಾ ಅಂಗೈ ಮುಚ್ಚದೆ, ಉಸಿರು ಬಿಗಿಹಿಡಿದು ಅಮ್ಮನ ಹತ್ತಿರ ಹೋಗಿ, "ಅಮ್ಮಾ, ನೋಡು, ಚಲೋ ಐತಿ," ಎಂದಳು. ಗೀತಾ ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು.

ಆ ಮಧ್ಯಾಹ್ನ ಊರಿಗೆ ಫೋನು ಮಾಡಿದೆವು. ಮಗ ಎಲ್ಲವನ್ನೂ ಕೇಳಿ, "ಅವ್ವಾ, ಅಕಿ ಏನಂತಾಳ? ಬಿಡ್ತೀನಿ ಅನ್ನೂ ಮಾತು ಐತೇನ ಇನ್ನೂ?" ಎಂದ. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಸವಿತಾ ಹಿತ್ತಲಿನ ಮೆಟ್ಟಿಲ ಮೇಲೆ ಕೂತು, ಮುಕ್ತಾಳನ್ನು ಕಾಲ ನಡುವೆ ಕೂಡಿಸಿಕೊಂಡು, ಆಗಲೇ ಬರೆಯಲು ಶುರುಮಾಡಿದ್ದಳು. "ಇಲ್ಲಪಾ," ಎಂದೆ.

ಹೊರಡುವ ದಿನ ಮೋಡವಿರಲಿಲ್ಲ. ವಿಮಾನದಲ್ಲಿ ನನಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ನಡುವೆ ಸವಿತಾ, ಅವಳ ಎದೆಗೊರಗಿ ಮುಕ್ತಾ. ಇಬ್ಬರೂ ವಿಮಾನ ಏಳುವ ಮುಂಚೆಯೇ ನಿದ್ದೆ ಹೋಗಿದ್ದರು. ಆಚೆ ಕಡೆ ಕೂತ ಲೂಧಿಯಾನದ ಅಜ್ಜಿ ಹಿಂದಿಯಲ್ಲಿ ನನ್ನನ್ನು ಮಾತಾಡಿಸಿದರು. ಅವರು ಮೊಮ್ಮಗನನ್ನು ನೋಡಿಕೊಳ್ಳಲು ಬಂದು ಆರು ತಿಂಗಳಿದ್ದು ಹೋಗುತ್ತಿದ್ದರು. "ನೀವೂ ಮಗನ ಮನೆಗೆ ಬಂದಿದ್ದಿರೇನು?" ಎಂದು ಕೇಳಿದರು.

"ಇಲ್ಲ. ಸೊಸೆಗೆ ಇಲ್ಲಿ ಕೆಲಸವಿತ್ತು. ನಾನು ಅವಳ ಜೊತೆ ಬಂದೆ," ಎಂದೆ. ಅವರು ಒಮ್ಮೆ ಸವಿತಾಳನ್ನು, ಒಮ್ಮೆ ನನ್ನನ್ನು ನೋಡಿ, "ದೊಡ್ಡ ಕೆಲಸವೇ ಇರಬೇಕು," ಎಂದರು. ಹೌದು ಎಂದೆ. ಯಾವ ಸಂಕೋಚವೂ ಇಲ್ಲದೆ ಹೌದು ಎಂದೆ.

ವಿಮಾನ ಪಶ್ಚಿಮಕ್ಕೆ ಹೊರಳಿತು. ಕೆಳಗೆ ಒಣಹುಲ್ಲಿನ ಬಯಲು, ಅದರ ನಡುವೆ ಅಲ್ಲಲ್ಲಿ ಕೆರೆಗಳು, ಕೆಲವು ತುಂಬಿದವು, ಕೆಲವು ದಂಡೆ ಬಿಳಿಚಿಕೊಂಡವು. ಶಿಬಿರ ನಡೆದ ಕೆರೆ ಯಾವುದೆಂದು ಗುರುತಿಸಲಾಗಲಿಲ್ಲ. ಆದರೆ ಅಷ್ಟು ದೊಡ್ಡ ವಿಮಾನದಲ್ಲಿ, ಆ ನೀರಿನ ತಳದಲ್ಲಿ ಯಾರ್ಯಾರು ಸಂಸಾರ ಮಾಡಿಕೊಂಡಿದ್ದಾರೆ ಎಂದು ಬಲ್ಲವರು ನಾವಿಬ್ಬರೇ ಇರಬೇಕು. ಕಲಿಸಿದವಳು ಮಲಗಿದ್ದಳು. ಕಲಿತವಳು ನಾನು, ಕೆರೆಗಳು ಕಣ್ಮರೆಯಾಗುವವರೆಗೂ ಕಿಟಕಿಗೆ ಹಣೆ ಹಚ್ಚಿ ನೋಡಿದೆ.